ಐದು ದಿನಗಳ ಹಿಂದಿನ ಮಳೆಗಾಲಗಳು

ಶಿವರಾಮ ಕಾರಂತರು ‘ಚೋಮನ ದುಡಿ’ಯನ್ನು ಐದೇ ದಿನಗಳಲ್ಲಿ ಬರೆದು ಮುಗಿಸಿದರೆಂಬ ಮಾತು ಕನ್ನಡನಾಡಿನಲ್ಲಿ ಎಷ್ಟು ಹರಡಿದೆಯೆಂದರೆ, 1933ರಲ್ಲಿ ಪ್ರಕಟವಾದ ಆ ಪುಟ್ಟ ಕಾದಂಬರಿಯನ್ನು ಓದದವರೂ ಆ ಸಂಖ್ಯೆಯನ್ನು ಬಲ್ಲರು. ಕೆಲವರಿಗೆ ಅದು ಪ್ರತಿಭೆಯ ಅಳತೆಯಾಗಿ ಕಂಡಿದೆ, ಇನ್ನು ಕೆಲವರಿಗೆ ಅವಸರದ ಗುರುತಾಗಿ ಕಂಡಿದೆ. ಎರಡೂ ಪಕ್ಷದವರು ಎಣಿಕೆಯನ್ನು ಲೇಖನಿ ಕಾಗದಕ್ಕೆ ತಾಗಿದ ದಿನದಿಂದಲೇ ಆರಂಭಿಸಿದ್ದಾರೆ. ಕಾದಂಬರಿಕಾರನ ವರ್ಷದಲ್ಲಿ ಬರೆಯುವ ದಿನಗಳು ಬಹಳ ಕಡಿಮೆ. ಉಳಿದ ದಿನಗಳು ತಿರುಗಾಟಕ್ಕೆ, ಮನೆವಾರ್ತೆಗೆ, ಮಳೆಗೆ, ಅಚ್ಚಿನ ಕರಡು ತಿದ್ದುವುದಕ್ಕೆ, ಬಂದ ಕಾಗದಗಳಿಗೆ ಉತ್ತರ ಬರೆಯುವುದಕ್ಕೆ ಸಲ್ಲುತ್ತವೆ. ಇಪ್ಪತ್ತನೆಯ ಶತಮಾನದ ಕನ್ನಡ ಕಾದಂಬರಿಯ ನೆನಪನ್ನು ಆ ಉಳಿದ ದಿನಗಳ ಕಡೆಯಿಂದ ತೆಗೆದು ನೋಡುವುದು ಅಗತ್ಯ, ಏಕೆಂದರೆ ಕೃತಿಗಳ ತೂಕವೆಲ್ಲ ಅಲ್ಲಿಯೇ ಕೂಡಿಬಂದಿದೆ.

1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದ ಕಾರಂತರು ಕಾಲೇಜು ಶಿಕ್ಷಣವನ್ನು ಅರ್ಧಕ್ಕೇ ಬಿಟ್ಟು ಗಾಂಧೀಜಿಯವರ ಅಸಹಕಾರ ಚಳವಳಿಗೆ ಇಳಿದರು. ಖಾದಿ ಪ್ರಚಾರಕ್ಕಾಗಿ, ಸಮಾಜಸುಧಾರಣೆಯ ಕೆಲಸಕ್ಕಾಗಿ ದಕ್ಷಿಣ ಕನ್ನಡದ ಹಳ್ಳಿಗಳನ್ನು ಸುತ್ತಿದರು. ಅದೇ ಕಾಲದಲ್ಲಿ ‘ವಸಂತ’ ಎಂಬ ಮಾಸಪತ್ರಿಕೆಯನ್ನು ನಡೆಸಿ, ಅದರ ಪುಟ ತುಂಬುವುದಕ್ಕೆ ಪತ್ತೇದಾರಿ ಬಗೆಯ ಕಥೆಗಳನ್ನೂ ಬರೆದರು. ಆ ಬರಹಗಳನ್ನೂ ‘ಚೋಮನ ದುಡಿ’ಯನ್ನೂ ಬೇರ್ಪಡಿಸುವುದು ಸುಮಾರು ಹತ್ತು ವರ್ಷಗಳ ಕಾಲ್ನಡಿಗೆ. ಬರೆಯುವ ಕೈ ಮೊದಲೇ ಇತ್ತು, ವೇಗವೂ ಇತ್ತು. ಮೂಲದಾಳಿನ ಗುಡಿಸಲಿನ ಒಳಗು ಮಾತ್ರ ಇರಲಿಲ್ಲ. ಮೂಲದಾಳು ಎಂದರೆ ಧಣಿಯ ಜಮೀನಿಗೆ ತಲೆತಲಾಂತರದಿಂದ ಅಂಟಿಕೊಂಡ ದುಡಿಮೆಗಾರ. ಆತ ಇತರರ ಹೊಲದಲ್ಲಿ ಉಳಬಹುದು, ತಾನೇ ಬೇಸಾಯಗಾರನಾಗುವಂತಿಲ್ಲ. ಎತ್ತುಗಳಿದ್ದೂ ಉಳುವುದಕ್ಕೆ ತುಂಡು ನೆಲ ಸಿಗದ ಚೋಮನ ಒಂದೇ ಒಂದು ಆಸೆಯನ್ನು ಕಾದಂಬರಿಯ ಬೆನ್ನೆಲುಬಾಗಿಸುವುದಕ್ಕೆ ಆ ಆಸೆಯ ಎದುರು ನಿಂತ ನೂರು ಕಟ್ಟುಪಾಡುಗಳನ್ನು ಹತ್ತಿರದಿಂದ ಕಂಡಿರಬೇಕು. ಅದನ್ನು ಕಾಣುವುದಕ್ಕೆ ಐದು ದಿನ ಸಾಲದು.

ಕರಾವಳಿಯ ವರ್ಷವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಲ್ಲಿನ ಬರಹಗಾರನ ದಿನಚರಿಗೆ ಗಡಿಯಾರಕ್ಕಿಂತ ದೊಡ್ಡ ಯಜಮಾನ ಅದು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನವನ್ನು, ಅಂದರೆ ಸಾಮಾನ್ಯವಾಗಿ ಮೇ 24 ಅಥವಾ 25ನ್ನು, ಪತ್ತನಾಜೆ ಎಂದು ಕರೆಯುತ್ತಾರೆ. ಅಂದಿಗೆ ಜಾತ್ರೆ ಮುಗಿಯುತ್ತದೆ, ಭೂತದ ಕೋಲ ನಿಲ್ಲುತ್ತದೆ, ಯಕ್ಷಗಾನದ ಮೇಳದವರು ಗೆಜ್ಜೆ ಬಿಚ್ಚಿ ಊರು ಸೇರುತ್ತಾರೆ. ಮತ್ತೆ ಅವರು ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ಪತ್ತನಾಜೆಯ ಬೆನ್ನಿಗೆ ಮಳೆಯ ನಕ್ಷತ್ರಗಳು ಬರುತ್ತವೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರೇ ಸಲ್ಲುವುದರಿಂದ, ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರಾ, ಜೂನ್ ಮೂರನೆಯ ವಾರ ತುಂಬುತ್ತಲೇ ಆರಿದ್ರಾ, ಜುಲೈಯಲ್ಲಿ ಪುನರ್ವಸು ಮತ್ತು ಪುಷ್ಯ, ಆಗಸ್ಟಿನಲ್ಲಿ ಆಶ್ಲೇಷಾ ಮತ್ತು ಮಘಾ ಎಂದು ರೈತ ಮಳೆಯನ್ನು ಹೆಸರು ಹಿಡಿದು ಕರೆಯುತ್ತಾನೆ. ನಡುವೆ ಆಟಿ ತಿಂಗಳು ಬರುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಅವಧಿಯಲ್ಲಿ ಹಿಂದಿನವರಿಗೆ ಹೊರಗೆ ಕೆಲಸವಿರಲಿಲ್ಲ, ಕಣಜದಲ್ಲಿ ಅಕ್ಕಿಯೂ ಹೆಚ್ಚಿರಲಿಲ್ಲ. ಬೇಸಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಸೊಳೆ, ಕೆಸುವಿನ ಎಲೆಗಳ ಮೇಲೆ ಮನೆಗಳು ದಿನ ದೂಡುತ್ತಿದ್ದವು. ಗದ್ದೆಗೂ ಇಂಥದೇ ಲೆಕ್ಕ. ಮಳೆಯ ನೀರಿನಲ್ಲಿ ಬೆಳೆಯುವ ಮೊದಲ ಬೆಳೆ ಏಣೆಲು, ಅದರ ಮೇಲೆ ತೆಗೆಯುವ ಎರಡನೆಯ ಬೆಳೆ ಸುಗ್ಗಿ, ನೀರಿನ ಆಸರೆ ಉಳಿದ ತಗ್ಗುಗದ್ದೆಗಳಲ್ಲಿ ಮಾತ್ರ ಸಿಗುವ ಮೂರನೆಯದು ಕೊಳಕೆ.

ಈ ಲೆಕ್ಕವನ್ನು ಕಾರಂತರ ಕಾದಂಬರಿಗಳ ಪಕ್ಕದಲ್ಲಿಟ್ಟು ನೋಡಿದರೆ, ಕಥೆಯ ತಿರುವುಗಳು ಎಷ್ಟು ಮಟ್ಟಿಗೆ ಕಾಲಮಾನದಿಂದಲೇ ಹುಟ್ಟಿವೆ ಎಂಬುದು ತಿಳಿಯುತ್ತದೆ. ಚೋಮನ ಮಕ್ಕಳು ಸಾಲ ತೀರಿಸುವುದಕ್ಕಾಗಿ ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುತ್ತಾರೆ. ಕರಾವಳಿಯ ಬಡವರು ಮುಂಗಡ ಹಣದ ಋಣಕ್ಕೆ ಸಿಕ್ಕಿ, ಗದ್ದೆಯ ಕೆಲಸ ಮುಗಿದ ಮೇಲೆ ಮಲೆನಾಡಿನ ತೋಟಗಳಿಗೆ ಸಾಗುತ್ತಿದ್ದುದು, ಅಲ್ಲಿಯ ಚಳಿಜ್ವರಕ್ಕೆ ತುತ್ತಾಗಿ ಅನೇಕರು ಇಳಿದು ಬಾರದೆ ಹೋದುದು ಆ ಕಾಲದ ವಾಸ್ತವ. ಕಾದಂಬರಿಯಲ್ಲಿ ಚೋಮನ ಮಗ ಚನಿಯನ ಸಾವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. 1940ರ ದಶಕದ ಆರಂಭದಲ್ಲಿ ಬಂದ ‘ಮರಳಿ ಮಣ್ಣಿಗೆ’ಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಊರಿನ ಮೂರು ತಲೆಮಾರಿನ ಬದುಕು ಬರುತ್ತದೆ. ಅಲ್ಲಿ ಮಳೆಯ ದಿನಗಳ ಭಾರ ಬೀಳುವುದು ಪಾರೋತಿ ಮತ್ತು ಸರಸೋತಿ ಎಂಬ ಇಬ್ಬರು ಹೆಂಗಸರ ಬೆನ್ನ ಮೇಲೆ. ಯಜಮಾನನ ಮುಂಗೋಪವನ್ನು ನೆನಪಿಡುವ ವಿಮರ್ಶೆಗಳು ಆ ಇಬ್ಬರ ದುಡಿಮೆಯನ್ನು ಅಷ್ಟೇ ಗಾಢವಾಗಿ ನೆನಪಿಡಬೇಕಿತ್ತು, ಏಕೆಂದರೆ ಅವರ ಕೆಲಸ ನಿಂತರೆ ಆ ಕಾದಂಬರಿಯ ಮನೆಯಲ್ಲಿ ಒಲೆ ಉರಿಯುವುದಿಲ್ಲ.

1943ರ ‘ಬೆಟ್ಟದ ಜೀವ’ ಇನ್ನೂ ಒಂದು ಹೆಜ್ಜೆ ಮುಂದಿದೆ. ಸುಬ್ರಹ್ಮಣ್ಯದ ಬಳಿಯ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬನಿಗೆ ಗೋಪಾಲಯ್ಯ ಮತ್ತು ಶಂಕರಮ್ಮ ಎಂಬ ವೃದ್ಧ ದಂಪತಿ ಆಶ್ರಯ ಕೊಡುತ್ತಾರೆ. ಆನೆ ಹುಲಿಗಳ ನಡುವೆ ಕಾಡು ಕಡಿದು ಅಡಿಕೆಯ ತೋಟ ಎಬ್ಬಿಸಿದ ಆ ಮುದುಕನ ಒಬ್ಬನೇ ಮಗ ಮನೆ ಬಿಟ್ಟು ಹೋಗಿದ್ದಾನೆ. ಅಡಿಕೆಯ ಸಸಿ ನೆಟ್ಟು ಫಲ ಕಾಣುವುದಕ್ಕೆ ಐದಾರು ವರ್ಷ ಕಾಯಬೇಕು, ತೋಟ ಚೆನ್ನಾಗಿ ಕೈಗೆ ಹತ್ತುವುದಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಮಳೆಗಾಲದ ನಡುವೆ ಕೊಳೆರೋಗ ಬಂದರೆ ಎಳೆಗಾಯಿ ಉದುರಿ ವರ್ಷದ ಫಸಲೇ ಹೋಗುತ್ತದೆ. ಅಂಥ ಬೆಳೆಯನ್ನು ಉತ್ತರಾಧಿಕಾರಿಯ ಭರವಸೆಯಿಲ್ಲದೆ ಬೆಳೆಸುವ ಮನುಷ್ಯನನ್ನು ಚಿತ್ರಿಸಿದ ಲೇಖಕ ಪುತ್ತೂರಿನಂಥ ಅಡಿಕೆಯ ಸೀಮೆಯಲ್ಲಿ ನೆಲೆಸಿದ್ದವರು ಎಂಬ ಸಂಗತಿ ಬರೀ ಜೀವನಚರಿತ್ರೆಯ ವಿವರವೆನಿಸುವುದಿಲ್ಲ. ಕಾರಂತರ ಕಾದಂಬರಿಗಳಲ್ಲಿ ಅತ್ಯಂತ ನಿಶ್ಚಿಂತವಾಗಿ ಉಸಿರಾಡುವ ಕೃತಿ ಇದೇ ಎಂದು ಹೇಳುವುದಕ್ಕೆ ಅಂಜಬೇಕಾಗಿಲ್ಲ.

ಪುತ್ತೂರಿನ ಬಾಲವನದ ದಿನಚರಿಯಲ್ಲಿ ಕಾದಂಬರಿ ಒಂದು ಪಾಲು ಮಾತ್ರ. ಮಕ್ಕಳಿಗೆ ಆಟಪಾಟಗಳ ನಡುವೆ ಕಲಿಸುವ ಪ್ರಯೋಗಗಳಿಗೆ ಹೆಸರಾದ ಆ ತಾಣದಲ್ಲಿ ಅವರು ಹಲವು ದಶಕ ಬಾಳಿದರು. ಒಂದು ಕೈಯಲ್ಲಿ 1936ರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು, ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು, ಅರ್ಥಕೋಶ, ಪಠ್ಯಪುಸ್ತಕ, ಪ್ರವಾಸಕಥನ, ಇನ್ನೊಂದು ಕೈಯಲ್ಲಿ ನೃತ್ಯ, ನಾಟಕ, ಯಕ್ಷಗಾನ. ಮೇಳಗಳ ಆಟವನ್ನು ಬೆಳಗಿನವರೆಗೆ ಕೂತು ನೋಡಿ, ಹಳೆಯ ಪ್ರಸಂಗಗಳ ಓಲೆಗಳನ್ನು ಹುಡುಕಿ ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ನಾಡಿನ ಬಹುದೊಡ್ಡ ಕಾದಂಬರಿಕಾರರೊಬ್ಬರಿಗೆ ಅಕಾಡೆಮಿಯ ಮನ್ನಣೆ ದೊರೆತದ್ದು ಕಾದಂಬರಿಗಲ್ಲ ಎಂಬುದು ಅವರ ದುಡಿಮೆಯ ಹರಹನ್ನು ಯಾವ ಹೊಗಳಿಕೆಗಿಂತಲೂ ಚೆನ್ನಾಗಿ ತಿಳಿಸುತ್ತದೆ. ಕಾದಂಬರಿಯೊಂದರಿಂದಲೇ ಹೊಟ್ಟೆ ಹೊರೆಯುವ ಕಾಲ ಅದಾಗಿರಲಿಲ್ಲವಾದುದರಿಂದ ಅವರು ತಮ್ಮದೇ ಪ್ರಕಟಣಾಲಯವನ್ನೂ ನಡೆಸಿದರು. ಹೀಗೆ ಬರೆಯುವುದಕ್ಕಿಂತ ಇತರ ಕೆಲಸಗಳೇ ಹೆಚ್ಚಾಗಿದ್ದ ಬದುಕಿನಲ್ಲಿ ನಲವತ್ತಕ್ಕೂ ಹೆಚ್ಚು ಕಾದಂಬರಿಗಳು ಹೊರಬಂದದ್ದು, ಕಥೆ ಮನಸ್ಸಿನಲ್ಲಿ ಪೂರ್ತಿ ಮಾಗಿದ ಮೇಲೆ ಬರವಣಿಗೆಗೆ ಕೂರುವ ಅಭ್ಯಾಸದಿಂದ. ಇಳಿವಯಸ್ಸಿನಲ್ಲಿ ಅವರು ಬಾಯಿಯಲ್ಲಿ ಹೇಳಿ ಬರೆಸುತ್ತಿದ್ದರು. ಆ ಕಾಲದ ಲಿಪಿಕಾರ್ತಿ ಮಾಲಿನಿ ಮಲ್ಯರು. ಲಿಪಿಕಾರ್ತಿ ಎಂದರೆ ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಳ್ಳುವವಳು. ಎದುರಿಗೆ ಲೇಖನಿ ಹಿಡಿದು ಕಾದಿರುವವರ ಮುಂದೆ ತಡವರಿಸದೆ ವಾಕ್ಯದ ಮೇಲೆ ವಾಕ್ಯ ಹೇಳಬೇಕಾದರೆ, ಹೇಳುವವನ ಒಳಗೆ ಕೃತಿ ಆಗಲೇ ಇದ್ದಿರಬೇಕು.

ಕಾದಂಬರಿಕಾರನ ದಿನದಲ್ಲಿ ಅಂಚೆಯವನು ಬರುವ ಹೊತ್ತಿಗೆ ಪ್ರತ್ಯೇಕ ಸ್ಥಾನವಿತ್ತು. ಕಾರಂತರು ಬಂದ ಕಾಗದಕ್ಕೆ ತಪ್ಪದೆ ಉತ್ತರಿಸುವವರೆಂಬ ಖ್ಯಾತಿ ಪಡೆದಿದ್ದರು. ಉತ್ತರ ಬರುತ್ತಿದ್ದುದು ಹೆಚ್ಚಾಗಿ ಅಂಚೆ ಕಾರ್ಡಿನಲ್ಲಿ. ಭಾರತದ ಅಂಚೆ ಕಾರ್ಡಿನ ಉದ್ದ 14 ಸೆಂಟಿಮೀಟರ್, ಅಗಲ 9 ಸೆಂಟಿಮೀಟರ್. ಒಂದು ಬದಿಯ ಅರ್ಧ ಭಾಗ ವಿಳಾಸಕ್ಕೆ ಹೋದರೆ ಬರೆಯುವುದಕ್ಕೆ ಉಳಿಯುವ ಜಾಗದಲ್ಲಿ ಸೌಜನ್ಯದ ಸುತ್ತುಮಾತಿಗೆ ಎಡೆಯಿಲ್ಲ. 1980ರ ದಶಕದಲ್ಲಿ ಹದಿನೈದು ಪೈಸೆಗೆ ಸಿಗುತ್ತಿದ್ದ ಆ ಕಾರ್ಡು, ಜ್ಞಾನಪೀಠ ಪುರಸ್ಕೃತ ಲೇಖಕನನ್ನೂ ಎಲ್ಲಿಯೋ ಹಳ್ಳಿಯೊಂದರ ಶಾಲಾ ಬಾಲಕನನ್ನೂ ಒಂದೇ ಅಳತೆಯ ಕಾಗದದಲ್ಲಿ ನಿಲ್ಲಿಸುತ್ತಿತ್ತು. ಅದು ತೆರೆದ ಪತ್ರ. ಅಂಚೆಯವನೂ ಓದಬಹುದು, ಪೋಸ್ಟ್ ಮಾಸ್ತರರೂ ಓದಬಹುದು, ಮನೆ ಸೇರುವ ಮೊದಲೇ ಅಂಗಡಿ ಜಗಲಿಯಲ್ಲಿ ನಾಲ್ವರು ಓದಿರಬಹುದು. ಎರಡು ಮೂರು ಸಾಲಿನ ಇಂಥ ಉತ್ತರಗಳನ್ನು ಪುಸ್ತಕದ ಪುಟಗಳ ನಡುವೆ ಇಟ್ಟು ಕಾಪಾಡಿದ ಮನೆಗಳು ಕನ್ನಡನಾಡಿನಲ್ಲಿ ಅನೇಕ ಇವೆ, ಮಳೆಗಾಲದ ಥಂಡಿಗೆ ಶಾಯಿ ಹಬ್ಬಿ ಅಕ್ಷರ ಮಸುಕಾದರೂ ಬಿಸಾಡದವರು ಇದ್ದಾರೆ.

ಓದುಗನ ಪ್ರಶ್ನೆ ಸಾಮಾನ್ಯವಾಗಿ ವಿಮರ್ಶಕನ ಪ್ರಶ್ನೆಗಿಂತ ನೇರವಾಗಿರುತ್ತದೆ. ಗೋಪಾಲಯ್ಯನ ಮನೆ ಎಲ್ಲಿದೆ, ಓಡಿಹೋದ ಮಗ ಮುಂದೆ ಬಂದನೇ, 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿ ನಿಜವಾಗಿ ಇದ್ದವಳೇ ಎಂದು ಕೇಳುವವನು ಕಲೆಯ ಸ್ವರೂಪ ತಿಳಿಯದವನೆಂದು ತಳ್ಳಿಹಾಕುವುದು ಸುಲಭ. ಆದರೆ ವಸ್ತುಗಳನ್ನು ಮುಟ್ಟಿ ಕಾಲದ ಆಚೆಗೆ ನೋಡಬಲ್ಲ ಮುದುಕಿಯೊಬ್ಬಳನ್ನು ನೆರೆಮನೆಯವಳೆಂಬಷ್ಟು ನಂಬಿದ ಓದುಗನೇ, ದೇವರು, ಕಾಮ, ಮದುವೆಗಳ ಬಗ್ಗೆ ಆಕೆ ಆಡುವ ನಿಷ್ಠುರ ಮಾತುಗಳನ್ನು ಮನೆಯ ಹಿರಿಯಳ ಮಾತೆಂದು ಕೇಳಿಸಿಕೊಳ್ಳಬಲ್ಲ. ಆ ನಂಬಿಕೆಗೆ ಕಾರ್ಡಿನ ಮೂರು ಸಾಲಿನ ಉತ್ತರ ಕೊಡುವುದು ಸಾಹಿತ್ಯದ ಕೆಲಸದ ಒಂದು ಭಾಗವೇ. ಇನ್ನೊಂದು ಬಗೆಯ ಪ್ರತಿಕ್ರಿಯೆ ದಶಕಗಳ ಕಾಲ ಕಾಯಿಸಿ ಬರುತ್ತದೆ: ‘ಚೋಮನ ದುಡಿ’ ಪ್ರಕಟವಾದ 42 ವರ್ಷಗಳ ಮೇಲೆ, 1975ರಲ್ಲಿ, ಬಿ. ವಿ. ಕಾರಂತರ ನಿರ್ದೇಶನದಲ್ಲಿ ಅದು ಚಲನಚಿತ್ರವಾಗಿ ಸ್ವರ್ಣಕಮಲ ಪಡೆಯಿತು, ಚೋಮನಾಗಿ ನಟಿಸಿದ ಎಂ. ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಭೂಮಿ ಉಳುವವನಿಗೆ ಸಲ್ಲಬೇಕೆಂಬ ಭೂಸುಧಾರಣೆಯ ಮಾತು ರಾಜ್ಯದ ತುಂಬ ಕೇಳುತ್ತಿದ್ದ ವರ್ಷಗಳಲ್ಲಿ ಚೋಮನ ದುಡಿಯ ಸದ್ದು ತೆರೆಯ ಮೇಲೆ ಎದ್ದದ್ದು ಆಕಸ್ಮಿಕವಿರಬಹುದು; ನೋಡಿದವರಿಗೆ ಅದು ಹಾಗೆ ಕಂಡಿರಲಾರದು.

ವಾರಪತ್ರಿಕೆಗಳ ಧಾರಾವಾಹಿಗಳು ಓದುಗ ಮತ್ತು ಬರಹಗಾರರ ಸಂಬಂಧದ ವೇಗವನ್ನೇ ಬದಲಿಸಿದವು. ಧಾರಾವಾಹಿ ಎಂದರೆ ಕಾದಂಬರಿಯನ್ನು ಕಂತು ಕಂತಾಗಿ ಅಚ್ಚು ಹಾಕುವ ಕ್ರಮ. ಕಥೆ ನಡುದಾರಿಯಲ್ಲಿರುವಾಗಲೇ ಓದುಗರ ಕಾಗದ ಬಂದು ಸೇರುತ್ತದೆ. ಅಂಥ ಪತ್ರಗಳು ಬರಹಗಾರರಿಗೆ ಬಲವನ್ನೂ ಕೊಟ್ಟಿವೆ, ಕಥೆಯನ್ನು ಬೇಡದ ದಿಕ್ಕಿಗೂ ಎಳೆದಿವೆ. ಆ ಓದುಗವರ್ಗದಲ್ಲಿ ದೊಡ್ಡ ಪಾಲು ಹೆಂಗಸರದು, ಅವರಿಗಾಗಿ ಬರೆದವರಲ್ಲೂ ಹೆಂಗಸರು ಬಹಳ. 1953ರಲ್ಲಿ ‘ಅಪಸ್ವರ’ದಿಂದ ಆರಂಭಿಸಿದ ತ್ರಿವೇಣಿ 1963ರಲ್ಲಿ, 35 ತುಂಬುವ ಮೊದಲೇ, ತೀರಿಕೊಂಡಾಗ ಸುಮಾರು ಇಪ್ಪತ್ತು ಕಾದಂಬರಿಗಳು ಅವರ ಹೆಸರಿನಲ್ಲಿದ್ದವು. ಅದೇ 1963ರಲ್ಲಿ ಎಂ. ಕೆ. ಇಂದಿರಾ ಅವರ ‘ತುಂಗಭದ್ರ’ ಪ್ರಕಟವಾಯಿತು. ಆಗ ಅವರಿಗೆ 46 ವರ್ಷ. ಬಾಲ್ಯದಲ್ಲೇ ವಿಧವೆಯಾದ ಹಿರಿಯಳೊಬ್ಬಳ ಬದುಕನ್ನು ತಾಯಿಯ ಬಾಯಿಂದ ಕೇಳಿ, ಅದನ್ನು ಹೊತ್ತುಕೊಂಡೇ ಸಂಸಾರ ನಡೆಸಿ, ಕೊನೆಗೆ 1976ರಲ್ಲಿ ‘ಫಣಿಯಮ್ಮ’ವಾಗಿ ಕೊಟ್ಟ ಇಂದಿರಾ ಅವರ ಕೃತಿಗೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದರೆ ಯಾವ ಉತ್ತರ ಸರಿಯಾದೀತು?

ಚೋಮನ ಮಕ್ಕಳು ಹತ್ತಿಹೋದ ಘಟ್ಟದ ಮೇಲಿನ ಅದೇ ಕಾಫಿಯ ಸೀಮೆಯಲ್ಲಿ, ಮೂಡಿಗೆರೆಯ ಬಳಿ, 1960ರ ದಶಕದಲ್ಲಿ ಇನ್ನೊಬ್ಬ ಕಾದಂಬರಿಕಾರ ಬಂದು ನೆಲೆಸಿದರು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮೈಸೂರಿನಲ್ಲಿ ಎಂ.ಎ. ಮುಗಿಸಿದ ಮೇಲೆ ಅಧ್ಯಾಪಕರಾಗದೆ ತೋಟ ಮಾಡುವುದಕ್ಕೆ ಹೊರಟದ್ದು ಆ ಕಾಲದವರಿಗೆ ವಿಚಿತ್ರವಾಗಿ ಕಂಡಿತು. ಕಾಫಿಯ ವರ್ಷ ಕರಾವಳಿಯ ವರ್ಷಕ್ಕಿಂತ ಬೇರೆ. ಚಳಿಗಾಲದಲ್ಲಿ ಗಿಡದ ಮೇಲೆ ಮೂಡುವ ಮೊಗ್ಗು ನೀರಿಲ್ಲದೆ ನಿದ್ರಿಸುತ್ತಿರುತ್ತದೆ. ಮಾರ್ಚ್ ಅಥವಾ ಏಪ್ರಿಲಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ಇಡೀ ತೋಟ ಒಮ್ಮೆಲೇ ಬಿಳಿಯಾಗಿ ಅರಳುತ್ತದೆ, ಮೂರು ನಾಲ್ಕು ದಿನದಲ್ಲಿ ಹೂ ಬಾಡುತ್ತದೆ. ಆ ಮಳೆಗೆ ಹೂಮಳೆ ಎಂದು ಹೆಸರು. ಅದು ತಡವಾದರೂ ಕಷ್ಟ, ಅರೆಬರೆ ಬಿದ್ದರೂ ಕಷ್ಟ. ಕಾಯಿ ಕಚ್ಚುವುದಕ್ಕೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಮುಂಗಾರಿಗೆ ಮೊದಲು ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆ, ಮಳೆಯಲ್ಲಿ ಚಿಗುರು ಕೀಳುವುದು, ನವೆಂಬರಿನಿಂದ ಹಣ್ಣಿನ ಕೊಯ್ಲು, ಕಣದಲ್ಲಿ ಒಣಗಿಸುವುದು, ಒಣಗುತ್ತಿರುವಾಗ ಮೋಡ ಕಂಡರೆ ಓಡಿಹೋಗಿ ಮುಚ್ಚುವುದು, ಕೊಯ್ಲಾದ ಮೇಲೆ ಗಿಡ ಕತ್ತರಿಸುವ ಕಪಾತು. ಇದರ ನಡುವೆ ಸಿಕ್ಕ ಹೊತ್ತಿನಲ್ಲಿ ಗಾಳ ಹಾಕಿ ಮೀನು ಹಿಡಿಯುವುದು, ಕ್ಯಾಮೆರಾ ಹಿಡಿದು ಹಕ್ಕಿಗಾಗಿ ಕಾಯುವುದು, ಬರೆಯುವುದು.

1980ರ ‘ಕರ್ವಾಲೊ’ದಲ್ಲಿ ಕಥೆ ಹೇಳುವವನೇ ಬೇಸಾಯದಿಂದ ಕಂಗೆಟ್ಟ ರೈತ. ಜೇನಿನ ಹುಡುಕಾಟದಿಂದ ಆರಂಭವಾಗಿ ಹಾರುವ ಓತಿಯ ಬೆನ್ನು ಹತ್ತಿ ಘಟ್ಟದ ಅಂಚಿಗೆ ಹೋಗುವ ಆ ಕಥೆಯಲ್ಲಿ ವಿಜ್ಞಾನಿಗಿಂತ ಚೆನ್ನಾಗಿ ಕಾಡನ್ನು ಬಲ್ಲವನು ಓದುಬರಹದಲ್ಲಿ ಹಿಂದುಳಿದ ಮಂದಣ್ಣ. ತೋಟದ ಕೆಲಸದಲ್ಲಿ ದಿನವೂ ಅಂಥವರ ಜೊತೆ ಬಾಳದ ಲೇಖಕನ ಕೈಯಲ್ಲಿ ಮಂದಣ್ಣ ತಮಾಷೆಯ ಪಾತ್ರವಾಗಿ ಮುಗಿದುಹೋಗುವ ಅಪಾಯವಿತ್ತು. ಇಲ್ಲಿ ಆತ ಕಾದಂಬರಿಯ ಕಣ್ಣಾಗಿದ್ದಾನೆ. ಕಾರಂತರು ಚೋಮನ ಕಡೆಗೆ ನಡೆದು ಹೋದರು. ತೇಜಸ್ವಿಯವರ ಕಡೆಗೆ ಮಂದಣ್ಣನಂಥವರು ತೋಟದ ಗೇಟು ತೆರೆದು ಬಂದರು. ಕನ್ನಡ ಕಾದಂಬರಿಯ ಐವತ್ತು ವರ್ಷಗಳ ಚರಿತ್ರೆಯಲ್ಲಿ ಈ ಎರಡು ದಾರಿಗಳ ವ್ಯತ್ಯಾಸ ಪಂಥಗಳ ಹೆಸರಿನಲ್ಲಿ ನಡೆದ ಎಲ್ಲ ಚರ್ಚೆಗಳಿಗಿಂತ ಮುಖ್ಯವಾದದ್ದು.

ತೇಜಸ್ವಿಯವರ ಓದುಗರು ಕಾಗದ ಬರೆದು ತೃಪ್ತರಾಗುವವರಲ್ಲ; ಅವರು ಬಸ್ಸು ಹತ್ತಿ ಮೂಡಿಗೆರೆಗೇ ಬರುತ್ತಿದ್ದರು. ಕಾಲೇಜು ಹುಡುಗರು, ಚಾರಣಿಗರು, ಹಕ್ಕಿ ನೋಡುವವರು, ಕೃಷಿ ಮಾಡಬೇಕೆಂದು ಹೊರಟವರು ದಾರಿಯಲ್ಲಿ ವಿಳಾಸ ಕೇಳಿಕೊಂಡು ತೋಟದ ದಾರಿ ಹಿಡಿಯುತ್ತಿದ್ದರು. ಸಭೆ ಸನ್ಮಾನಗಳಿಂದ ದೂರ ಉಳಿದ ಲೇಖಕನನ್ನು ಕಾಣುವುದಕ್ಕೆ ಬೇರೆ ದಾರಿಯಿರಲಿಲ್ಲ. ಬಂದವರು ಕಂಡದ್ದು ಬರಹಗಾರನ ಕೋಣೆಯನ್ನಲ್ಲ. ಕಾಫಿಗಿಡ, ನೆರಳಿನ ಮರ, ಮೀನಿನ ಗಾಳ, ಕ್ಯಾಮೆರಾ, ಮತ್ತು ಅವುಗಳ ನಡುವೆ ಕೆಲಸದಲ್ಲಿರುವ ಮನುಷ್ಯ. ಅವರ ಮನೆಯ ಹೆಸರು ‘ನಿರುತ್ತರ’. ಉತ್ತರವಿಲ್ಲದ್ದು, ಮಾತಿಗೆ ನಿಲುಕದ್ದು ಎಂಬ ಅರ್ಥದ ಪದ. ಪ್ರತಿಯೊಂದು ಕಾರ್ಡಿಗೂ ಉತ್ತರ ಬರೆದ ಕಾರಂತರು 1997ರ ಡಿಸೆಂಬರ್ 9ರಂದು, ಮೇಳಗಳು ಮತ್ತೆ ಗೆಜ್ಜೆ ಕಟ್ಟಿ ತಿರುಗಾಟದಲ್ಲಿದ್ದ ದಿನಗಳಲ್ಲಿ ತೀರಿಕೊಂಡರು. ‘ನಿರುತ್ತರ’ದ ತೇಜಸ್ವಿ ತೀರಿಕೊಂಡದ್ದು 2007ರ ಏಪ್ರಿಲ್ 5ರಂದು, ಕಾಫಿಯ ನಾಡು ಸಂಜೆ ಸಂಜೆಗೂ ಪಡುವಣದ ಮೋಡ ನೋಡುತ್ತ ಹೂಮಳೆಯ ಲೆಕ್ಕ ಹಾಕುವ ವಾರಗಳಲ್ಲಿ.